ಸೂಜಿ ತೆಗೆಯಲು ಬಂದವರು

ನರ್ಸಮ್ಮ ಕೈ ತೊಳೆಯುವುದನ್ನು ನೋಡಬೇಕಿತ್ತು. ಬಳೆಗಳನ್ನು ಮೇಲಕ್ಕೇರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಸೋಪನ್ನು ಅಂಗೈಗೆ, ಬೆರಳ ಸಂದಿಗೆ, ಉಗುರಿನ ಬುಡಕ್ಕೆ, ಮಣಿಕಟ್ಟಿಗೆ ಒಂದೊಂದಾಗಿ ತಿಕ್ಕುವರು. ನೀರು ಹುಯ್ಯುವವರು ಆತುರಪಟ್ಟರೆ ಕಣ್ಣು ಬಿಡುವರು. "ತಡೀರಿ, ಇನ್ನೂ ಆಗಿಲ್ಲ" ಎಂದು ಮತ್ತೆ ಮೊದಲಿನಿಂದ ಶುರುಮಾಡುವರು. ಅಷ್ಟು ತೊಳೆದ ಮೇಲೆ ಆ ಕೈ ಬಾಗಿಲನ್ನೂ ಮುಟ್ಟುತ್ತಿರಲಿಲ್ಲ. ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬರುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ನಿಮ್ಮ ಬಗ್ಗೆ ಒಂದು ದಿನ ಬರೆಯುತ್ತೇನೆ ಎಂದು ಅವರಿದ್ದಾಗಲೇ ಹೇಳಿದ್ದೆ. "ಬರಿ. ಎಸ್ರು ಮಾತ್ರ ಆಕ್ಬ್ಯಾಡ. ಎಸ್ರು ಆಕ್ಬುಟ್ರೆ ಜನ ನನ್ನ ದೇವ್ರು ಮಾಡ್ಬುಡ್ತಾರ. ನಾನು ಜಗಳಗಂಟಿ, ಅಂಗೇ ಇರ್ಲಿ" ಎಂದಿದ್ದರು. ಹಾಗಾಗಿ ಇಲ್ಲಿ ಹೆಸರಿಲ್ಲ. ಊರೆಲ್ಲ ನರ್ಸಮ್ಮ ಎನ್ನುತ್ತಿತ್ತು, ನಾನೂ ಹಾಗೇ ಬರೆಯುತ್ತೇನೆ.

ನಮ್ಮದು ತಾಳವಾಡಿಯಿಂದ ತಾಳಮಲೆ ಕಡೆಗೆ ಹೋಗುವ ದಾರಿಯ ಒಂದು ಗಡಿ ಊರು; ಆಡುವುದು ಕನ್ನಡ, ಸರ್ಕಾರದ ಕಾಗದವೆಲ್ಲ ತಮಿಳು. ನಾನು ಮದುವೆಯಾಗಿ ಬಂದವಳು, ತಾಳವಾಡಿಯ ಕನ್ನಡ ಶಾಲೆಯಲ್ಲಿ ಟೀಚರ್. ನರ್ಸಮ್ಮ ಹುಟ್ಟಿದ್ದೇ ಇಲ್ಲಿ, ಊರ ಕೆಳಗಿನ ಕೇರಿಯಲ್ಲಿ. ಅವರ ತಾಯಿ ನಮ್ಮ ಮಾವನವರ ಹೊಲಕ್ಕೆ ಅರಿಸಿನ ಕೀಳಲು, ಕಳೆ ತೆಗೆಯಲು ಕೂಲಿಗೆ ಬರುತ್ತಿದ್ದರು. ಮಗಳು ಈರೋಡಿಗೆ ಹೋಗಿ ತಮಿಳಿನಲ್ಲಿ ನರ್ಸಿಂಗ್ ಕಲಿತು, ಸರ್ಕಾರಿ ಕೆಲಸದ ಮೇಲೆ ಇದೇ ಸೀಮೆಗೆ ವಾಪಸಾದರು. ಆ ಓದು ಅವರಲ್ಲಿ ಒಂದು ವಿಚಿತ್ರ ಅಭ್ಯಾಸ ಉಳಿಸಿತ್ತು. ಎಣಿಸುವುದೆಲ್ಲ ತಮಿಳಿನಲ್ಲಿ, ಬಯ್ಯುವುದೆಲ್ಲ ಕನ್ನಡದಲ್ಲಿ.

ಬಯ್ಯುವುದರಲ್ಲಿ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಬಸುರಿ ಹೆಂಡತಿಯನ್ನು ಹೊಲಕ್ಕೆ ಕಳಿಸಿದ ಗಂಡನನ್ನು ಬಸ್ ನಿಲ್ದಾಣದಲ್ಲಿ, ಹತ್ತು ಜನರೆದುರು ನಿಲ್ಲಿಸಿ ಕೇಳಿದ್ದರು. ಕೂಸಿಗೆ ಚುಚ್ಚುಮದ್ದು ಬೇಡವೆಂದು ಬಾಗಿಲು ಹಾಕಿಕೊಂಡವರ ಮನೆಯ ಮುಂದೆ ಮೊಪೆಡ್ಡು ನಿಲ್ಲಿಸಿ, ಅದರ ಮೇಲೆ ಕೂತು ಮಧ್ಯಾಹ್ನದವರೆಗೆ ಕಾದಿದ್ದರು. ಕೂಸು ಹೊರಗೆ ಬಂದ ಮೇಲೆಯೇ ಹೊರಟದ್ದು. ಮರ್ಯಾದೆಯ ವಿಷಯದಲ್ಲಿ ಅವರದೊಂದು ಲೆಕ್ಕವಿತ್ತು. "ಬನ್ನಿ ಅಂದ್ರೆ ಬನ್ನಿ ಅಂತೀನಿ. ಬಾ ಅಂದ್ರೆ ಬಾ ಅಂತೀನಿ. ತಕ್ಕಡಿ ನಿಮ್ ಕೈಲೇ ಅದ." ಕೇರಿಯವರೆಲ್ಲ ನನ್ನ ಅತ್ತೆಯನ್ನು 'ಅವ್ವಾರೇ' ಎನ್ನುತ್ತಿದ್ದಾಗ ನರ್ಸಮ್ಮ ಮಾತ್ರ 'ಅಜ್ಜಿ' ಎನ್ನುತ್ತಿದ್ದರು.

ನಮ್ಮ ಮನೆಗೂ ಅವರಿಗೂ ಒಂದು ಹಳೆಯ ಕಹಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೋಲಿಯೋ ಹನಿ ಹಾಕಲು ಬಂದಿದ್ದವರು ಬಿಸಿಲಿಗೆ ಬಾಯಾರಿ ನೀರು ಕೇಳಿದರಂತೆ. ಅತ್ತೆ ಚೊಂಬಿನಿಂದ ಎತ್ತರಿಸಿ ಅವರ ಬೊಗಸೆಗೆ ಹುಯ್ಯಲು ಹೋದರು. ನರ್ಸಮ್ಮ ಬೊಗಸೆ ಬಿಚ್ಚಿದರು. ನೀರೆಲ್ಲ ನೆಲಕ್ಕೆ ಹೋಯಿತು. "ಕೂಸಿಗೆ ಅನಿ ಆಕಿವ್ನಿ ಅಜ್ಜಿ, ಬತ್ತೀನಿ" ಎಂದು ಹೊರಟರು. ಅಂದಿನಿಂದ ಅವರ ಚೀಲದಲ್ಲಿ ಸದಾ ಒಂದು ನೀರಿನ ಬಾಟಲಿ. ನಮ್ಮ ಅಂಗಳದವರೆಗೆ ಬರುವರು, ಕೆಲಸ ಮುಗಿಸುವರು, ಹೋಗುವರು. ನಾನು ಸೊಸೆಯಾಗಿ ಬಂದ ಮೇಲೂ ಇದು ನಡೆದೇ ಇತ್ತು. ನಾನು ಕಂಡೂ ಕಾಣದಂತೆ ಇದ್ದೆ.

ನನಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ ನಲವತ್ತೊಂದು. ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆಯಂತೆ ಹನ್ನೆರಡು ಸಲ ಕೀಮೋ ಎಂದರು. ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ನಾಣ್ಯದಷ್ಟಗಲದ ಒಂದು ಬಿಲ್ಲೆ ಇಟ್ಟರು. ಶುಕ್ರವಾರ ಆಸ್ಪತ್ರೆಯಲ್ಲಿ ಆ ಬಿಲ್ಲೆಗೆ ಸೂಜಿ ಚುಚ್ಚಿ ಕೆಲವು ಔಷಧಿ ಹರಿಸುವರು. ಕೊನೆಯ ಔಷಧಿ ಮಾತ್ರ ನಿಧಾನವಾಗಿ, ಎರಡು ದಿನ ಹನಿಹನಿಯಾಗಿ ಹೋಗಬೇಕು. ಅದಕ್ಕೊಂದು ಪಂಪು. ಪಂಪು ಎಂದರೆ ಮೋಟಾರೂ ಅಲ್ಲ, ಸದ್ದೂ ಇಲ್ಲ. ಕೂಸಿನ ಹಾಲಿನ ಬಾಟಲಿಯಂಥದು, ಒಳಗೊಂದು ಬಲೂನು. ಬಲೂನು ಕುಗ್ಗುತ್ತಾ ಕುಗ್ಗುತ್ತಾ ಔಷಧಿಯನ್ನು ಮೈಯೊಳಕ್ಕೆ ನೂಕುತ್ತದೆ. ಅದನ್ನು ಬಟ್ಟೆಯ ಚೀಲದಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು ಮನೆಗೆ ಬರುವುದು. ಭಾನುವಾರ ಬಲೂನು ಖಾಲಿಯಾದ ಮೇಲೆ ಅದನ್ನು ಬಿಚ್ಚಿ ಸೂಜಿ ತೆಗೆಸಲು ಮತ್ತೆ ಮೈಸೂರಿಗೆ ಹೋಗುವುದು.

ತೆಗೆಯುವ ಕೆಲಸ ಹತ್ತು ನಿಮಿಷದ್ದು. ಆ ಹತ್ತು ನಿಮಿಷಕ್ಕೆ ಇಡೀ ಭಾನುವಾರ ಬಸ್ಸಿನಲ್ಲಿ ಕಳೆಯಬೇಕಿತ್ತು. ತಾಳವಾಡಿಗೊಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೊಂದು, ಅಲ್ಲಿಂದ ಮೈಸೂರಿಗೊಂದು. ನನಗೆ ಕೊಡುತ್ತಿದ್ದ ಔಷಧಿಯ ಗುಣವೋ ಅವಗುಣವೋ, ಚಳಿ ತಾಕಿದರೆ ಬೆರಳಿಗೂ ಗಂಟಲಿಗೂ ಮುಳ್ಳು ಚುಚ್ಚಿದಂತಾಗುತ್ತಿತ್ತು. ನಮ್ಮ ಬೆಟ್ಟದ ಮಾಗಿಯ ಬೆಳಗು, ಮುಚ್ಚದ ಬಸ್ಸಿನ ಕಿಟಕಿ. ಕಬ್ಬಿಣದ ಕಂಬಿ ಹಿಡಿದರೆ ಕೈ ಸುಟ್ಟಂತಾಗುವುದು. ಮೂರನೆಯ ಸಲ ಚಾಮರಾಜನಗರ ತಲುಪುವ ಮೊದಲೇ ವಾಂತಿ ಶುರುವಾಯಿತು. ಪಕ್ಕದಲ್ಲಿದ್ದ ಹೆಂಗಸು ಬಾಟಲಿಯನ್ನೂ ಪೈಪನ್ನೂ ನೋಡಿ ಎದ್ದು ಹೋದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಅಷ್ಟು ತುಂಬಿದ ಬಸ್ಸಿನಲ್ಲಿ ನನ್ನ ಸುತ್ತ ಮಾತ್ರ ಜಾಗವಿತ್ತು.

ಅಂದು ಮನೆಗೆ ಬಂದು ನನ್ನ ಗಂಡನಿಗೆ ಹೇಳಿದೆ. "ಇನ್ನು ಹೋಗೋದಿಲ್ಲ. ಏನಾಗುತ್ತೋ ಆಗಲಿ." ಅವರು ಬಹಳ ಮಾತಿನವರಲ್ಲ. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು. ಅತ್ತೆ ದೇವರಿಗೆ ದೀಪ ಹಚ್ಚಿ ಅತ್ತರು.

ನಾಲ್ಕನೆಯ ದಿನ ನರ್ಸಮ್ಮನ ಮೊಪೆಡ್ಡು ಅಂಗಳಕ್ಕೆ ಬಂತು. ನಾನು ಬಿಸಿಲು ಕಾಯುತ್ತಾ ಕೂತಿದ್ದೆ. ಗಾಡಿಯಿಂದ ಇಳಿಯದೆ ಕೇಳಿದರು.

"ಔಷ್ದಿ ಬುಟ್ಬುಟ್ಯಂತ, ಯಾಕ?"

"ಆ ಬಸ್ಸಿನಲ್ಲಿ ನನ್ನ ಕೈಲಾಗಲ್ಲ."

"ಔಷ್ದಿ ಆಗ್ನಿಲ್ವೋ, ಬಸ್ಸು ಆಗ್ನಿಲ್ವೋ? ಸರಿಯಾಗಿ ಏಳ್ಬೇಕು."

ನಾನು ಯೋಚಿಸಿ, ಬಸ್ಸು ಎಂದೆ. ಅದರಲ್ಲೂ ಭಾನುವಾರದ ಬಸ್ಸು.

"ಮತ್ತ ಬಸ್ಸಿನ್ ಮ್ಯಾಲಿನ್ ಸಿಟ್ಟಿಗೆ ಪ್ರಾಣ ಬುಟ್ಟೀಯಾ? ಟೀಚರಂತ ಟೀಚರು." ಗಾಡಿಯಿಂದ ಇಳಿದು ಬಂದು, ನನ್ನ ರವಿಕೆಯ ಅಂಚು ಸರಿಸಿ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಮುಂದಿನ್ ವಾರ ಶುಕ್ರವಾರ ನಾನೂ ಮೈಸೂರಿಗೆ ಬತ್ತೀನಿ. ರಜಾ ಆಕ್ತೀನಿ. ಸೂಜಿ ತೆಗ್ಯೋದ್ನ ಕಲ್ತ್ಕಂಡ್ ಬತ್ತೀನಿ."

ಹೇಳಿದಂತೆ ಬಂದರು. ಆಸ್ಪತ್ರೆಯ ಹಿರಿಯ ಸಿಸ್ಟರು ಮೊದಲು ಒಪ್ಪಲಿಲ್ಲ. ಇದು ಹಳ್ಳಿಯಲ್ಲಿ ಮಾಡುವ ಕೆಲಸವಲ್ಲ ಎಂದರು. ನರ್ಸಮ್ಮ ತಣ್ಣಗೆ ಉತ್ತರ ಕೊಟ್ಟರು. "ಟ್ರಾಕ್ಟರ್ ಡಬ್ಬದಾಗ ಎರಿಗೆ ಮಾಡ್ಸಿವ್ನಿ ಸಿಸ್ಟರ್. ಅಳ್ಳೀಲಿ ಏನಾದದು ಏನಾಗಲ್ಲ ಅನ್ನೋದ್ನ ಅಳ್ಳಿಯೋರ್ನೇ ಕೇಳಿ." ಪಕ್ಕದಲ್ಲಿದ್ದ ಎಳೆಯ ಡಾಕ್ಟರು ನಕ್ಕುಬಿಟ್ಟರು. ಅಂದು ಪಂಪು ಬಿಚ್ಚಿಸಿಕೊಳ್ಳಲು ಬಂದಿದ್ದ ಮೂವರು ರೋಗಿಗಳಲ್ಲಿ ಇಬ್ಬರದನ್ನು ನರ್ಸಮ್ಮ ನೋಡಿದರು. ಮೂರನೆಯವರದನ್ನು, ಅವರ ಒಪ್ಪಿಗೆ ಕೇಳಿ, ಡಾಕ್ಟರ ಎದುರಿಗೆ ತಾವೇ ಮಾಡಿದರು. ಕ್ಲಿಪ್ಪು ಒತ್ತಿ ಪೈಪು ಮುಚ್ಚುವುದು, ಬಾಟಲಿ ಬಿಚ್ಚುವುದು, ಉಪ್ಪುನೀರನ್ನು ತಡೆತಡೆದು ತಳ್ಳುವುದು, ರಕ್ತ ಹೆಪ್ಪುಗಟ್ಟದ ಔಷಧಿ ತುಂಬುವುದು, ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಸೂಜಿಯನ್ನು ನೆಟ್ಟಗೆ ಮೇಲಕ್ಕೆಳೆಯುವುದು. ಡಾಕ್ಟರು ಮನೆಯಲ್ಲೇ ತೆಗೆಯಬಹುದೆಂದು ಕಾಗದ ಬರೆದುಕೊಟ್ಟರು. ಕೈಚೀಲ, ಕೈಗವಸು, ಸಿರಿಂಜು, ಮುಚ್ಚಳದ ಗಟ್ಟಿ ಡಬ್ಬ ಎಲ್ಲ ಕೊಟ್ಟರು. ಬಿಚ್ಚಿದ್ದನ್ನೆಲ್ಲ ಆ ಡಬ್ಬದಲ್ಲಿ ಹಾಕಿ ಮುಂದಿನ ಸಲ ಆಸ್ಪತ್ರೆಗೇ ತರಬೇಕು. ಹಟ್ಟಿಯ ಹಿಂದೆ ಹೂತುಬಿಡೋಣವೇ ಎಂದು ನನ್ನ ಗಂಡ ಕೇಳಿದ್ದಕ್ಕೆ "ಅದೇನು ಗೊಬ್ರವಾ, ವಿಸ ಕಣಣ್ಣ" ಎಂದು ನರ್ಸಮ್ಮ ಬಸ್ಸು ಇಳಿಯುವವರೆಗೂ ಬಯ್ದರು.

ಭಾನುವಾರ ಹನ್ನೆರಡು ಗಂಟೆಗೆ ನರ್ಸಮ್ಮ ಬಂದರು. ಅತ್ತೆ ಜಗುಲಿಯ ಮೇಲೆ ಹೊಸ ಚಾಪೆ ಹಾಸಿದ್ದರು. "ಇಲ್ಲೇ ಮಾಡವ್ವ, ಚೆಂದಾಗಿ ಬೆಳಕದ" ಎಂದರು.

ನರ್ಸಮ್ಮ ಸುತ್ತ ನೋಡಿದರು. ಜಗುಲಿಯ ಕೊನೆಯಲ್ಲಿ ಒಣಹಾಕಿದ ಮೆಣಸಿನಕಾಯಿ, ಕೆಳಗೆ ಹಸು ಕಟ್ಟಿದ ಗೂಟ, ಎದುರಿಗೆ ಧೂಳೆಬ್ಬಿಸುತ್ತಾ ಹೋಗುವ ಕೋಸಿನ ಲಾರಿ.

"ಇಲ್ಲಾಗಲ್ಲ ಅಜ್ಜಿ. ಈ ಪೈಪು ನೆಟ್ಟಗೆ ಎದೆ ಒಳ್ಗಿನ್ ರಕ್ತಕ್ಕ ಓಯ್ತದ. ಒಂದ್ ಚೂರು ದೂಳು ಓದ್ರೂ ನಂಜಾಯ್ತದ. ಮನೇಲಿ ಎಲ್ಲಕ್ಕಿಂತ ಚೊಕ್ಕಟವಾದ ಜಾಗ ಯಾವ್ದು? ದಿನಾ ತೊಳ್ದು, ಯಾರೂ ಮೆಟ್ಟು ಆಕ್ಕಂಡ್ ಓಗ್ದೇ ಇರೋದು?"

ಅತ್ತೆಗೆ ಸುಳ್ಳು ಹೇಳಿ ಗೊತ್ತಿಲ್ಲ. ಅಂಥ ಜಾಗ ಮನೆಯಲ್ಲಿ ಒಂದೇ. ಅವರು ಬೆಳಗ್ಗೆ ಮಿಂದು ಮಡಿಯುಟ್ಟು ಲಿಂಗಪೂಜೆಗೆ ಕೂರುವ ನಡುಕೋಣೆ.

"ಪೂಜೆ ಕೋಣೆ" ಎಂದರು, ಮೆಲ್ಲಗೆ.

"ಅಲ್ಲೇ ಮಾಡ್ತೀನಿ."

"ಅಲ್ಲಿಗ ನಮ್ ಮನೆ ಎಣ್ಣುಮಕ್ಳೇ ಮುಟ್ಟಾದಾಗ ಓಗಲ್ಲ ಕಣವ್ವ..."

"ನಾನು ಮುಟ್ಟಾಗಿಲ್ಲ ಅಜ್ಜಿ. ನೀವು ಏಳ್ತಿರೋದು ಅದಲ್ಲ ಅಂತಾನೂ ನಂಗ ಗೊತ್ತು." ದನಿ ಏರಲಿಲ್ಲ. ನನ್ನ ಕಡೆ ತಿರುಗಿದರು. "ಎದೆ ನಿಂದು ಟೀಚರ್. ನೀನೇ ಮಾತಾಡು."

ಶಾಲೆಯಲ್ಲಿ ನಾನು ವಚನ ಪಾಠ ಮಾಡುವವಳು. ದೇಹವೇ ದೇಗುಲ ಎಂದು ಮಕ್ಕಳ ಕೈಲಿ ಹತ್ತು ಸಲ ಹೇಳಿಸುವವಳು. ಅಂದು ಅತ್ತೆಯ ಮುಖ ನೋಡಿದೆ, ಗಂಡನ ಮುಖ ನೋಡಿದೆ, ಮಾತು ಬರಲಿಲ್ಲ. ಬಾಟಲಿಯ ಚೀಲವನ್ನು ಎದೆಗವಚಿಕೊಂಡು ಎದ್ದೆ. ನಡುಮನೆ ದಾಟಿ ಹೋಗಿ ಪೂಜೆಯ ಕೋಣೆಯಲ್ಲಿ ಗೋಡೆಗೊರಗಿ ಕೂತೆ. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರು ಹುಯ್ಯುವ ಸದ್ದು ಕೇಳಿಸಿತು. ನನ್ನ ಗಂಡ ಚೊಂಬು ಹಿಡಿದಿದ್ದರು. ನರ್ಸಮ್ಮ ಕೈ ತೊಳೆಯುತ್ತಿದ್ದರು.

ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದರು. ನನ್ನ ಮುಂದೆ ಕೂತು, ಕೈಗವಸು ಹಾಕಿ, ಕ್ಲಿಪ್ಪು ಒತ್ತಿದರು. ಉಪ್ಪುನೀರು ತಳ್ಳುವಾಗ "ಒಣ್ಣು... ರೆಂಡು... ಮೂಣು..." ಎಂದು ಎಣಿಸಿದರು. ಬಿಲ್ಲೆ ಹಿಡಿದು "ಉಸ್ರು ಎಳ್ಕ" ಎಂದರು. ಎಳೆದುಕೊಂಡೆ. ಬಿಡುವಷ್ಟರಲ್ಲಿ ಸೂಜಿ ಡಬ್ಬದಲ್ಲಿತ್ತು.

ಆ ಹೊತ್ತಿಗೆ ನಾನು ಅಳುತ್ತಿದ್ದೆ. "ನೋವಾಯ್ತಾ?" ಎಂದರು. ಇಲ್ಲವೆಂದೆ. "ಮತ್ಯಾಕ?" ಎಂದು ಕೇಳಿ, ನಾನು ಹೇಳುವ ಮೊದಲೇ ಎದ್ದರು. "ಬುಡು, ಅತ್ಗ. ನಂಗ ಅದ್ನ ನೋಡ್ಕಂಡ್ ಕೂರೋ ಪುರ್ಸೊತ್ತಿಲ್ಲ."

ಅವರು ಹೋದ ಮೇಲೆ ಅತ್ತೆ ಕೋಣೆಯನ್ನು ತೊಳೆದರು. ಮುಂದಿನ ಎರಡು ಸಲವೂ ತೊಳೆದರು. ನಾಲ್ಕನೆಯ ಭಾನುವಾರದಿಂದ ತೊಳೆಯಲಿಲ್ಲ. ಮನಸ್ಸು ಬದಲಾಯಿತೋ, ಸೊಂಟ ಹಿಡಿಯಿತೋ ನಾನು ಕೇಳಲಿಲ್ಲ. ಅಂದು ತಾವೇ ಸ್ಟೀಲಿನ ದೊಡ್ಡ ಲೋಟದಲ್ಲಿ, ಮನೆಯವರು ಕುಡಿಯುವ ಲೋಟದಲ್ಲಿಯೇ, ಕಾಫಿ ತಂದು ನರ್ಸಮ್ಮನ ಕೈಗೆ ಚಾಚಿದರು.

"ಬ್ಯಾಡ ಅಜ್ಜಿ" ಎಂದರು ನರ್ಸಮ್ಮ.

"ಇನ್ನೂ ಕ್ವಾಪವಾ ನಿಂಗ?"

"ಕ್ವಾಪ ಅಲ್ಲ. ನೆಪ್ಪು."

ಚೀಲದಿಂದ ತಮ್ಮ ಬಾಟಲಿ ತೆಗೆದು ನೀರು ಕುಡಿದು ಹೊರಟರು. ಕೊನೆಯವರೆಗೂ ನಮ್ಮ ಮನೆಯಲ್ಲಿ ಅವರು ಒಂದು ಗುಟುಕನ್ನೂ ಕುಡಿಯಲಿಲ್ಲ. ಕುಡಿದಿದ್ದರೆ ನಮಗೆ ಹಗುರವಾಗುತ್ತಿತ್ತು. ನಮ್ಮನ್ನು ಹಗುರ ಮಾಡುವುದು ತಮ್ಮ ಕೆಲಸವೆಂದು ಅವರು ತಿಳಿದಿರಲಿಲ್ಲ. ಅವರ ಕೇರಿಯಲ್ಲೂ ಕೇಳುತ್ತಿದ್ದರಂತೆ, ಆ ಮನೆಗೆ ನೀನ್ಯಾಕೆ ಹೋಗುತ್ತೀ ಎಂದು. "ಮನೆಗ ಓಯ್ತಿಲ್ಲ, ಸೂಜಿ ತಾವ್ಕ ಓಯ್ತಿವ್ನಿ ಅಂತ ಏಳ್ದೆ" ಎಂದು ನನಗೆ ಹೇಳಿ, ಜೋರಾಗಿ ನಕ್ಕಿದ್ದರು.

ಒಂದು ಭಾನುವಾರ ಹನ್ನೆರಡಾದರೂ ಬರಲಿಲ್ಲ. ಒಂದಾಯಿತು. ಬಲೂನು ಪೂರ್ತಿ ಮುದುಡಿ ಬಾಟಲಿಯೊಳಗಿನ ಕಡ್ಡಿಗೆ ಅಂಟಿಕೊಂಡಿತ್ತು. ಖಾಲಿಯಾದ ಮೇಲೆ ಬಹಳ ಹೊತ್ತು ಬಿಟ್ಟರೆ ಪೈಪಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬಿಲ್ಲೆಯೇ ಕೆಡಬಹುದು ಎಂದು ಡಾಕ್ಟರು ಹೇಳಿದ್ದರು. ಆಗ ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಊರ ಶಾಲೆಯ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಎರಡು ಗಂಟೆಗೆ ನನ್ನ ಗಂಡ ತಾಳಲಾರದೆ ಕೈ ತೊಳೆದುಕೊಂಡು ಬಂದರು. ಅಷ್ಟು ಸಲ ನೋಡಿದ್ದೇನೆ, ನಾನೇ ತೆಗೆಯುತ್ತೇನೆ ಎಂದರು. ಅವರು ಪೈಪಿಗೆ ಕೈ ಹಾಕುವುದಕ್ಕೂ ಅಂಗಳದಲ್ಲಿ ಕೂಗು ಕೇಳುವುದಕ್ಕೂ ಸರಿಯಾಯಿತು.

"ಯಾರೂ ಏನೂ ಮುಟ್ಬ್ಯಾಡಿ!"

ದಾರಿಯಲ್ಲಿ ಒಂಟಿ ಆನೆ ನಿಂತಿತ್ತಂತೆ. ಒಂದು ಗಂಟೆ ಕಾದು, ಮೊಪೆಡ್ಡನ್ನು ಯಾರದೋ ಹಟ್ಟಿಯಲ್ಲಿ ಬಿಟ್ಟು, ಹೊಲಗಳ ಮೇಲೆ ಸುತ್ತು ಹಾಕಿ ನಡೆದು ಬಂದಿದ್ದರು. ಸೀರೆಯ ಅಂಚಿನ ತುಂಬಾ ಬೇಲಿಯ ಮುಳ್ಳು. ಆನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಯ್ದದ್ದೆಲ್ಲ ನನ್ನ ಗಂಡನಿಗೆ. "ನೋಡಿವ್ನಿ ಅಂತೀಯಲ್ಲಣ್ಣ, ಬಸ್ ಓಡ್ಸೋದ್ನೂ ದಿನಾ ನೋಡೀಯೆ. ಓಡ್ಸೀಯಾ?" ಅವತ್ತೂ ಕೈ ತೊಳೆಯುವುದರಲ್ಲಿ ಒಂದು ಬೆರಳಿನ ಸಂದಿಯನ್ನೂ ಬಿಡಲಿಲ್ಲ.

ಆರು ಭಾನುವಾರ ಹೀಗೆ ಕಳೆದ ಮೇಲೆ ಯಾರೋ ಮೇಲಿನವರಿಗೆ ಅರ್ಜಿ ಬರೆದರು. ಸರ್ಕಾರಿ ನರ್ಸು ಉಳ್ಳವರ ಮನೆಯಲ್ಲಿ ಖಾಸಗಿ ಕೆಲಸ ಮಾಡುತ್ತಾಳೆ ಎಂದು. ಆಗ ಹೊಸದಾಗಿ ಬಂದಿದ್ದ ಅಧಿಕಾರಿ ಮೆಮೊ ಕಳಿಸಿದರು. ಕರ್ತವ್ಯಕ್ಕೆ ಸೇರದ ಕೆಲಸ ಮಾಡಿದ್ದಕ್ಕೆ ವಿಳಕ್ಕಂ, ಅಂದರೆ ವಿವರಣೆ ಬೇಕು ಎಂದು. ಮೈಸೂರಿನ ಡಾಕ್ಟರ ಕಾಗದ ತೋರಿಸಿದರೆ, ಅದು ಬೇರೆ ರಾಜ್ಯದ್ದು ಎಂದರಂತೆ. ನರ್ಸಮ್ಮ ತಮಿಳಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ನನಗೂ ಓದಿ ಹೇಳಿದರು. 'ಭಾನುವಾರ ನನಗೆ ರಜೆ. ರಜೆಯಲ್ಲಿ ಕೆಲವರು ಸಿನಿಮಾಕ್ಕೆ ಹೋಗುತ್ತಾರೆ, ಕೆಲವರು ಮಲಗುತ್ತಾರೆ. ನಾನು ಒಬ್ಬಳ ಎದೆಯಿಂದ ಸೂಜಿ ತೆಗೆಯುತ್ತೇನೆ. ಇನ್ನೂ ಮೂರು ಸಲ ತೆಗೆಯುವುದಿದೆ, ತೆಗೆಯುತ್ತೇನೆ.'

ನಾನು ಬೇಡ ಎಂದೆ. ಇನ್ನು ಮೂರು ಸಲ ಹೇಗೋ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ನಿಮ್ಮ ಕೆಲಸಕ್ಕೆ ತೊಂದರೆಯಾಗುವುದು ಬೇಡ ಎಂದೆ. ನನ್ನ ಗಂಡ, ನಮಗೆ ಬೇಕಾದವರೊಬ್ಬರಿದ್ದಾರೆ, ಅವರಿಂದ ಒಂದು ಮಾತು ಹೇಳಿಸುತ್ತೇನೆ ಎಂದರು.

ನರ್ಸಮ್ಮ ಅವರ ಕಡೆಗೇ ಮೊದಲು ತಿರುಗಿದರು. "ನಿಮ್ ಸಿಪಾರ್ಸು ನಂಗ ಬ್ಯಾಡ ಕಣಣ್ಣ. ನಾನು ತೆಪ್ಪು ಮಾಡಿದ್ರೆ ತಾನೆ ಸಿಪಾರ್ಸು?" ಆಮೇಲೆ ನನಗೆ. "ನೀನು ಬಸ್ ಅತ್ತುದ್ರೆ ಅವ್ರು ಗೆದ್ದಂಗ. ಅತ್ಬ್ಯಾಡ."

ಅಲ್ಲಿಯವರೆಗೆ ಭಾನುವಾರ ಮನೆಯ ಸೀರೆ ಉಟ್ಟು ಬರುತ್ತಿದ್ದವರು ಮುಂದಿನ ಭಾನುವಾರ ಡ್ಯೂಟಿಯ ಸೀರೆ ಉಟ್ಟು ಬಂದರು. ಊರ ನಡುವಿನ ದಾರಿಯಲ್ಲಿ, ಚಹಾದಂಗಡಿಯ ಮುಂದೆ, ಗಾಡಿಯ ಹಾರನ್ನು ಒತ್ತುತ್ತಾ ಬಂದರು. ಯಾಕೆ ಹೀಗೆ ಎಂದು ಕೇಳಿದೆ. "ಕದ್ದು ಬತ್ತಿಲ್ಲ ಅಂತ ಗೊತ್ತಾಗ್ಲಿ" ಎಂದರು. ಉಳಿದ ಎರಡು ಸಲವೂ ಹಾಗೆಯೇ. ಹನ್ನೆರಡನೆಯ ಕೀಮೋದ ಸೂಜಿ ತೆಗೆದ ದಿನ ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಹಿಂದಕ್ಕೆ ಸರಿದು ನಿಂತರು. "ಗಾಯ ಎಳ್ಕಂಡದು. ನೆಟ್ಟಗೆ ನಿಂತ್ಕ."

ಅವರ ಸರ್ವೀಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು. ಆದೇಶವಿಲ್ಲದ ಕೆಲಸ ಮಾಡಿದ್ದಕ್ಕೆ ಎಚ್ಚರಿಕೆ ಕೊಡಲಾಗಿದೆ ಎಂದು. ಆ ಸಾಲು ಆಮೇಲೆ ರದ್ದಾಯಿತು. ನಿವೃತ್ತಿಯಾದ ಮೇಲೂ ಅದೊಂದಕ್ಕಾಗಿ ಅವರು ಬೆಟ್ಟವಿಳಿದು ಈರೋಡಿಗೆ ಅಲೆದದ್ದು ನನಗೆ ಗೊತ್ತು. ಆದರೆ ಅದು ರದ್ದಾಗುವ ದಾರಿ ಶುರುವಾದದ್ದು ಅವರ ನಿವೃತ್ತಿಯ ದಿನ. ಅದನ್ನು ಹೇಳಿ ಮುಗಿಸುತ್ತೇನೆ.

ನನ್ನ ಕೀಮೋ ಮುಗಿದು ಎರಡು ವರ್ಷವಾಗಿತ್ತು. ತಾಳವಾಡಿಯಲ್ಲಿ ಶಾಮಿಯಾನ ಹಾಕಿ ಬೀಳ್ಕೊಡುಗೆ ಇಟ್ಟಿದ್ದರು. ಬೆಟ್ಟದ ಕೆಳಗಿನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಭಾಷಣ ಮಾಡಿದವರೆಲ್ಲ ಈಕೆ ತ್ಯಾಗಮಯಿ, ತಾಯಿ, ಮೇಣದ ಬತ್ತಿ ಎಂದರು. ಹಾರ ಹಾಕಿದರು, ಶಾಲು ಹೊದಿಸಿದರು. ನರ್ಸಮ್ಮ ಮೈಕಿನ ಮುಂದೆ ಬಂದು ಶಾಲನ್ನು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟರು. ಮೊದಲು ತಮಿಳಿನಲ್ಲಿ ಮಾತಾಡಿದರು.

"ನಾನು ತ್ಯಾಗ ಮಾಡಲಿಲ್ಲ. ಕೆಲಸ ಮಾಡಿದೆ, ಸಂಬಳ ತೆಗೆದುಕೊಂಡೆ. ಶಾಲು ಚೆನ್ನಾಗಿದೆ. ಆದರೆ ನನ್ನ ಪುಸ್ತಕದಲ್ಲಿ ಒಂದು ಕೆಂಪು ಸಾಲಿದೆ. ಅದನ್ನು ಹೊಡೆದುಹಾಕಬೇಕೆಂದು ಅರ್ಜಿ ಬರೆದು ತಂದಿದ್ದೇನೆ, ಎರಡು ಪ್ರತಿ. ಒಂದು ನಿಮಗೆ. ಇನ್ನೊಂದರ ಮೇಲೆ, ತಲುಪಿತು ಎಂದು ಸಹಿ ಹಾಕಿಕೊಡಿ."

ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ನಗಲು ಪ್ರಯತ್ನಿಸಿ, ಇಂಥ ಶುಭದಿನ ಅದೆಲ್ಲ ಯಾಕಮ್ಮ, ಆಮೇಲೆ ನೋಡೋಣ ಎಂದರು.

"ಆಮೇಲೆ ನಾನು ಇಲ್ಲಿರುವುದಿಲ್ಲ" ಎಂದರು ನರ್ಸಮ್ಮ. ಕಾಗದ ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ಆಮೇಲೆ ಸಭೆಯ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದರು. "ನಾನು ಏನ್ ಮಾಡ್ದೆ ಅಂತ ಆ ಪುಸ್ತಕದಾಗ ಬರ್ದವ್ರೆ. ಅದ್ರಿಂದ ಏನಾಯ್ತು ಅಂತ ಯಾರೂ ಬರೀನಿಲ್ಲ." ಅವರ ಕಣ್ಣು ಸಾಲುಸಾಲಾಗಿ ಹುಡುಕಿ ನನ್ನ ಮೇಲೆ ನಿಂತಿತು.

"ಏಳು, ಟೀಚರ್."

ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಎದ್ದು ನಿಲ್ಲು ಎಂದರೋ, ಬಾಯಿಬಿಟ್ಟು ಹೇಳು ಎಂದರೋ ತಿಳಿಯಲಿಲ್ಲ. ನಾನು ಎದ್ದೆ. ಮುಂದಿನ ಸಾಲಿನವರೆಲ್ಲ ಹಿಂತಿರುಗಿ ನೋಡಿದರು.

"ಒಂಬತ್ತು ಸಲ ಇವರು ನಮ್ಮ ಮನೆಗೆ ಬಂದು ನನ್ನ ಎದೆಯಿಂದ ಸೂಜಿ ತೆಗೆದರು" ಎಂದೆ. "ಒಂದು ಸಲವೂ ನಂಜಾಗಲಿಲ್ಲ. ಇವರು ಬರದಿದ್ದರೆ ನಾನು ಔಷಧಿ ಬಿಟ್ಟುಬಿಡುತ್ತಿದ್ದೆ. ಬದುಕಿದ್ದೇನೆ."

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. ನರ್ಸಮ್ಮ ಅದನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಾ ಮೈಕಿನಲ್ಲಿ ಹೇಳಿದರು.

"ಇಂದ್ಗಡೆಯೋರ್ಗ ಕೇಳ್ನಿಲ್ಲ. ಇನ್ನೊಂದ್ ಕಿತ ಏಳು. ಜೋರಾಗಿ."